ನೋವು ಹೇಳದ ಹೃದಯ

ಚಿಕ್ಕಬಳ್ಳಾಪುರದ ಮಗ್ಗುಲಲ್ಲೇ ಇರುವ ಸ್ಕಂದಗಿರಿಯನ್ನು ಸುತ್ತಲ ಹಳ್ಳಿಯವರು ಕಳವಾರ ಬೆಟ್ಟ ಎನ್ನುತ್ತಾರೆ. ಬುಡದಲ್ಲಿ ಪಾಪಾಗ್ನಿ ಮಠ, ನೆತ್ತಿಯಲ್ಲಿ ಪಾಳುಬಿದ್ದ ಕೋಟೆಯ ಗೋಡೆ, ನಡುವೆ ಬಂಡೆ, ಪೊದೆ, ಕಡಿದಾದ ಕಾಲುದಾರಿ. ಮೋಡಗಳು ಕಾಲ ಕೆಳಗೆ ಹರಿಯುವುದನ್ನು ನೋಡಬೇಕೆಂದು ಬೆಂಗಳೂರಿನಿಂದ ಬರುವ ಹುಡುಗ ಹುಡುಗಿಯರು ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಏರತೊಡಗುತ್ತಾರೆ. ಮೊದಲ ಏರಿನಲ್ಲಿ ಹತ್ತು ಹೆಜ್ಜೆ ಇಟ್ಟಿರುವುದಿಲ್ಲ, ಆಗಲೇ ಎದೆ ಡವಡವ ಎನ್ನುತ್ತದೆ. ಕಾಲಿನ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕೆಂಬ ಸಂಗತಿ ಮಿದುಳಿಗೆ ತಿಳಿದು, ಅಲ್ಲಿಂದ ನರಗಳ ಮೂಲಕ ಹೃದಯಕ್ಕೆ ಅಪ್ಪಣೆ ಹೋಗಿ, ಅದು ಓಟ ಹೆಚ್ಚಿಸಿಕೊಳ್ಳುವುದೆಲ್ಲ ಕೆಲವೇ ಕ್ಷಣಗಳ ಕೆಲಸ.

ಅದೇ ದಾರಿಯಲ್ಲಿ ಬದಲಿ ಹೃದಯ ಹೊತ್ತವರೊಬ್ಬರು ಹತ್ತುತ್ತಿದ್ದಾರೆಂದು ಊಹಿಸಿಕೊಳ್ಳಿ. ಮಠದ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದಾಗಲೂ ಅವರ ನಾಡಿ ನಿಮಿಷಕ್ಕೆ ೯೦ರಿಂದ ೧೧೦ರವರೆಗೆ ಬಡಿಯುತ್ತಿರುತ್ತದೆ. ಏರು ಶುರುವಾದರೆ ಅದು ಕೂಡಲೇ ಹೆಚ್ಚುವುದಿಲ್ಲ. ಕಾಲು ಸೋಲುತ್ತದೆ, ಉಸಿರು ಕಟ್ಟುತ್ತದೆ, ಹೃದಯ ಮಾತ್ರ ತನಗೇನೂ ಗೊತ್ತಿಲ್ಲದಂತೆ ಹಳೆಯ ಲಯದಲ್ಲೇ ನಡೆಯುತ್ತಿರುತ್ತದೆ. ಕೆಲವು ನಿಮಿಷ ಕಳೆದು, ಮೂತ್ರಪಿಂಡಗಳ ತಲೆಯ ಮೇಲೆ ಕುಳಿತ ಗ್ರಂಥಿಗಳು ಸುರಿಸಿದ ಅಡ್ರಿನಲಿನ್ ರಕ್ತದಲ್ಲಿ ತೇಲಿಕೊಂಡು ಬಂದು ತಟ್ಟಿದ ಮೇಲೆಯೇ ಅದಕ್ಕೆ ಎಚ್ಚರ. ಟೆಲಿಫೋನ್ ತಂತಿ ಕಡಿದುಹೋದ ಊರಿಗೆ ಸುದ್ದಿ ಅಂಚೆಯಲ್ಲಿ ಬಂದ ಹಾಗೆ.

ತಂತಿ ಕಡಿದಿರುವುದು ನಿಜವೇ. ದಾನಿಯ ಎದೆಯಿಂದ ಹೃದಯವನ್ನು ಹೊರತೆಗೆಯುವಾಗ ಅದರ ನರಗಳೆಲ್ಲ ತುಂಡಾಗುತ್ತವೆ. ಶಸ್ತ್ರವೈದ್ಯರು ದೊಡ್ಡ ರಕ್ತನಾಳಗಳನ್ನು, ಹೃದಯದ ಮೇಲಿನ ಕೋಣೆಗಳ ಗೋಡೆಯನ್ನು ಹೊಲಿದು ಸೇರಿಸುತ್ತಾರೆ. ಆದರೆ ಕೂದಲೆಳೆಯಂಥ ನರಗಳನ್ನು ಹೊಲಿಯುವುದು ಯಾರಿಂದಲೂ ಆಗದು. ವರ್ಷಗಳು ಉರುಳಿದಂತೆ ಕೆಲವರಲ್ಲಿ ಒಂದಿಷ್ಟು ನರಗಳು ತಾವಾಗಿ ಬೆಳೆದು ಒಳಹೊಕ್ಕರೂ ಹಳೆಯ ಸಂಪರ್ಕ ಪೂರ್ತಿ ಮರಳುವುದಿಲ್ಲ. ಬೆಟ್ಟ ಹತ್ತುವುದು ನಿಧಾನವಾದರೆ ಆಗಲಿ, ಅದರಿಂದ ಯಾರಿಗೂ ನಷ್ಟವಿಲ್ಲ. ತೊಂದರೆ ಬೇರೆ ಕಡೆ ಇದೆ. ಎದೆನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯಬೇಕಾದದ್ದೂ ಇದೇ ತಂತಿಯೇ.

ಬದಲಿ ಹೃದಯದ ರಕ್ತನಾಳಗಳು ಕಿರಿದಾಗುತ್ತ ಬಂದರೆ ಹೊತ್ತವರಿಗೆ ಸಾಮಾನ್ಯವಾಗಿ ನೋವಾಗುವುದಿಲ್ಲ. ಎದೆ ಹಿಂಡಿದಂತಾಗುವುದು, ಎಡತೋಳಿಗೆ ಸೆಳೆಯುವುದು, ದವಡೆ ಹಿಡಿದುಕೊಳ್ಳುವುದು, ಹೃದಯಾಘಾತದ ಮುನ್ಸೂಚನೆಯೆಂದು ಎಲ್ಲರಿಗೂ ಬಾಯಿಪಾಠವಾಗಿರುವ ಈ ಯಾವ ಲಕ್ಷಣವೂ ಇಲ್ಲದೆ ಕಾಯಿಲೆ ಬೆಳೆದುಬಿಡಬಹುದು. ಉಬ್ಬಸ, ಕಾರಣವಿಲ್ಲದ ಸುಸ್ತು, ಕಾಲಿನ ಊತ ಕಾಣಿಸಿಕೊಳ್ಳುವ ಹೊತ್ತಿಗೆ ಹಾನಿ ಬಹಳ ದೂರ ಸಾಗಿರುತ್ತದೆ. ಕೆಲವರಲ್ಲಿ ಮೊದಲ ಸೂಚನೆಯೇ ಕೊನೆಯದಾಗುವುದೂ ಉಂಟು.

ಹೃದಯ ಕಸಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ. ಸೈರನ್ ಕೂಗುತ್ತ ಓಡುವ ಆಂಬುಲೆನ್ಸ್, ಅದಕ್ಕಾಗಿ ಪೊಲೀಸರು ಮಾಡಿಕೊಟ್ಟ ಝೀರೊ ಟ್ರಾಫಿಕ್, ಐಸ್ ತುಂಬಿದ ಪೆಟ್ಟಿಗೆ ಹಿಡಿದು ಓಡುವ ವೈದ್ಯರು. ೨೦೧೪ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಿಂದ ಹೊರಟ ಹೃದಯ ವಿಮಾನದಲ್ಲಿ ಚೆನ್ನೈ ಸೇರಿ ಅಲ್ಲಿ ಇನ್ನೊಬ್ಬರ ಎದೆಯಲ್ಲಿ ಮಿಡಿದಾಗ ಎರಡೂ ನಗರಗಳ ಜನ ಗಡಿಯಾರ ನೋಡುತ್ತ ಸುದ್ದಿ ಕೇಳಿದ್ದರು. ಹೊರತೆಗೆದ ಹೃದಯ ಸುಮಾರು ನಾಲ್ಕು ಗಂಟೆಗಳೊಳಗೆ ಮತ್ತೆ ರಕ್ತ ಕಾಣಬೇಕು. ಆದ್ದರಿಂದ ಆ ಧಾವಂತಕ್ಕೆ ಅರ್ಥವಿದೆ. ಕರ್ನಾಟಕದಲ್ಲಿ ಅಂಗದಾನವನ್ನು ಸರದಿಯ ಪ್ರಕಾರ ಹಂಚಲು ೨೦೦೭ರಲ್ಲಿ ಸಮನ್ವಯ ಸಮಿತಿಯೊಂದು ಹುಟ್ಟಿತು. ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷ. ಇಂದು ಈ ಕೆಲಸ ‘ಜೀವಸಾರ್ಥಕತೆ’ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಆದರೆ ಪತ್ರಿಕೆಗಳ ಕುತೂಹಲ ರೋಗಿ ಆಸ್ಪತ್ರೆಯ ಮೆಟ್ಟಿಲಿಳಿದು ಕೈಬೀಸುವಲ್ಲಿಗೆ ಮುಗಿಯುತ್ತದೆ. ಅವರು ಗೌರಿಬಿದನೂರಿನದೋ ಚಿಂತಾಮಣಿಯದೋ ಬಸ್ಸು ಹತ್ತಿ ಊರು ಸೇರಿದ ಮೇಲಿನ ಹತ್ತು ವರ್ಷಗಳನ್ನು ಬರೆಯುವವರಿಲ್ಲ. ಬದಲಿ ಹೃದಯದ ಆಯುಸ್ಸು ತೀರ್ಮಾನವಾಗುವುದು ಆ ಹತ್ತು ವರ್ಷಗಳಲ್ಲಿ. ಅಲ್ಲಿ ಸೈರನ್ನಿಲ್ಲ. ತೋಳಿಗೆ ಸುತ್ತುವ ಒಂದು ಪಟ್ಟಿ, ಮಾತ್ರೆಗಳ ಡಬ್ಬಿ ಮತ್ತು ಒಂದು ನೋಟ್‌ಬುಕ್ ಇರುತ್ತವೆ, ಅಷ್ಟೆ.

ಈ ಪಾಠ ಜಗತ್ತಿಗೆ ಸಿಕ್ಕಿದ್ದು ಬಹಳ ಬೇಗ. ೧೯೬೭ರ ಡಿಸೆಂಬರ್ ೩ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಾ. ಕ್ರಿಸ್ಟಿಯನ್ ಬರ್ನಾರ್ಡ್ ಮೊದಲ ಬಾರಿಗೆ ಮನುಷ್ಯನಿಂದ ಮನುಷ್ಯನಿಗೆ ಹೃದಯ ಕಸಿ ಮಾಡಿದರು. ಆ ರೋಗಿ ಲೂಯಿ ವಾಷ್‌ಕಾನ್‌ಸ್ಕಿ ಬದುಕಿದ್ದು ೧೮ ದಿನ. ಒಂದು ತಿಂಗಳ ನಂತರ, ೧೯೬೮ರ ಜನವರಿ ೨ರಂದು, ೫೮ ವರ್ಷದ ದಂತವೈದ್ಯ ಫಿಲಿಪ್ ಬ್ಲೈಬರ್ಗ್ ಅವರ ಸರದಿ ಬಂತು. ಅವರಿಗೆ ದೊರೆತದ್ದು ೨೪ ವರ್ಷದ ಕಾರ್ಮಿಕ ತರುಣನ ಹೃದಯ. ಬಿಳಿಯರೂ ಅಲ್ಲದವರೂ ಒಂದೇ ಬೆಂಚಿನಲ್ಲಿ ಕೂರುವಂತಿಲ್ಲದ ದೇಶದಲ್ಲಿ ಬಿಳಿಯನ ಎದೆಯೊಳಗೆ ಮಿಶ್ರವರ್ಣೀಯನ ಹೃದಯ ಮಿಡಿದದ್ದು ಆಗ ದೊಡ್ಡ ಮಾತಾಗಿತ್ತು. ಬ್ಲೈಬರ್ಗ್ ಮನೆಗೆ ಹೋದರು, ಕಾರು ಓಡಿಸಿದರು, ೧೯ ತಿಂಗಳು ಬಾಳಿದರು. ಕಸಿ ಮಾಡಿದರೆ ಬದುಕಬಹುದೆಂದು ಲೋಕ ನಂಬಿದ್ದು ಅವರಿಂದ.

ಮರಣೋತ್ತರ ಪರೀಕ್ಷೆಯಲ್ಲಿ ಆ ಎಳೆಯ ಹೃದಯವನ್ನು ಬಿಡಿಸಿ ನೋಡಿದವರಿಗೆ ಅಚ್ಚರಿ ಕಾದಿತ್ತು. ೨೪ರ ತರುಣನ ಕರೋನರಿ ನಾಳಗಳು, ಎಂದರೆ ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ನಾಳಗಳು, ಮುದುಕರ ನಾಳಗಳಂತೆ ದಪ್ಪಗಟ್ಟಿ ಕಿರಿದಾಗಿದ್ದವು. ಸಾಮಾನ್ಯರಲ್ಲಿ ಹಲವು ದಶಕ ಹಿಡಿಯುವ ಕೆಲಸ ಹತ್ತೊಂಬತ್ತೇ ತಿಂಗಳಲ್ಲಿ ಮುಗಿದಿತ್ತು.

ಇದು ನಮಗೆಲ್ಲ ಗೊತ್ತಿರುವ ‘ಬ್ಲಾಕ್’ ಅಲ್ಲ. ಮಾಮೂಲಿ ಹೃದ್ರೋಗದಲ್ಲಿ ಕೊಬ್ಬು ನಾಳದ ಅಲ್ಲೊಂದು ಇಲ್ಲೊಂದು ಕಡೆ ಗಂಟುಕಟ್ಟುತ್ತದೆ. ಆ ಜಾಗ ಹಿಗ್ಗಿಸಿ ಸ್ಟೆಂಟ್ ಇಡಬಹುದು, ಬಳಸುದಾರಿ ಹೊಲಿಯಬಹುದು. ಬದಲಿ ಹೃದಯದಲ್ಲಿ ನಾಳದ ಒಳಪದರವೇ ಉದ್ದಕ್ಕೂ, ಸುತ್ತಲೂ, ಕೊನೆಯ ಸಣ್ಣ ಕವಲಿನವರೆಗೂ ಒಂದೇ ಸಮನೆ ದಪ್ಪಗಾಗುತ್ತದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಳದ ಕೊಳವೆಬಾವಿಯ ಗಡಸು ನೀರು ಹರಿದು ಹರಿದು ಡ್ರಿಪ್ ಪೈಪಿನ ಒಳಗೆ ಬಿಳಿಯ ಪೊರೆ ಕಟ್ಟುವುದನ್ನು ಅವರು ಕಂಡಿದ್ದಾರೆ. ಒಂದು ಕಡೆ ಕಸ ಸಿಕ್ಕಿಕೊಂಡರೆ ತೆಗೆದು ಬಿಸಾಡಬಹುದು. ಇಡೀ ಪೈಪು ಒಳಗಿನಿಂದ ಸಣ್ಣದಾದರೆ ಎಲ್ಲಿಂದ ಎಲ್ಲಿಗೆ ಕೆರೆಯುವುದು?

ಆಂಜಿಯೋಗ್ರಾಮ್ ಕೂಡ ಇಲ್ಲಿ ಕೆಲವೊಮ್ಮೆ ಮೋಸಹೋಗುತ್ತದೆ. ಅದು ತೋರಿಸುವುದು ನಾಳದೊಳಗೆ ಹರಿಯುವ ಬಣ್ಣದ ನೆರಳನ್ನು. ಪಕ್ಕದ ಭಾಗಕ್ಕಿಂತ ಕಿರಿದಾದ ಜಾಗ ಸಿಕ್ಕರೆ ಅಲ್ಲಿ ತೊಂದರೆಯಿದೆ ಎಂದು ತಿಳಿಯುತ್ತದೆ. ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಕಿರಿದಾಗಿದ್ದರೆ ಹೋಲಿಸುವುದು ಯಾವುದಕ್ಕೆ? ಅದಕ್ಕೇ ಅನುಕೂಲವಿರುವ ಕೇಂದ್ರಗಳಲ್ಲಿ ನಾಳದೊಳಗೇ ಸಣ್ಣ ಅಲ್ಟ್ರಾಸೌಂಡ್ ಕಡ್ಡಿಯನ್ನು ತೂರಿಸಿ ಗೋಡೆಯ ದಪ್ಪ ಅಳೆಯುತ್ತಾರೆ. ಅಂತರರಾಷ್ಟ್ರೀಯ ದಾಖಲೆಗಳ ಪ್ರಕಾರ ಕಸಿಯಾದ ಐದು ವರ್ಷಕ್ಕೆ ಸುಮಾರು ಮೂವರಲ್ಲಿ ಒಬ್ಬರಿಗೆ, ಹತ್ತು ವರ್ಷಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಈ ಕಾಯಿಲೆ ಕಾಣಿಸಿಕೊಂಡಿರುತ್ತದೆ. ಮೊದಲ ವರ್ಷ ದಾಟಿದವರನ್ನು ಮುಂದೆ ಬಲಿ ತೆಗೆದುಕೊಳ್ಳುವ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಹೀಗೇಕಾಗುತ್ತದೆ? ದೇಹದ ರಕ್ಷಣಾ ಪಡೆ ಹೊಸ ಹೃದಯವನ್ನು ತನ್ನದೆಂದು ಎಂದೂ ಪೂರ್ತಿಯಾಗಿ ಒಪ್ಪುವುದಿಲ್ಲ. ರಕ್ತ ಮೊದಲು ಸೋಕುವುದು ನಾಳದ ಒಳಪದರವನ್ನು. ಆದ್ದರಿಂದ ಪರಕೀಯನೊಡನೆ ಮೊದಲ ಜಗಳ ನಡೆಯುವುದೂ ಅಲ್ಲೇ. ಗಾಯ ಮತ್ತು ಮಾಯುವಿಕೆ ಮತ್ತೆ ಮತ್ತೆ ನಡೆದು ಪದರ ದಪ್ಪವಾಗುತ್ತದೆ. ಕೆಲವು ವೈರಾಣು ಸೋಂಕುಗಳು, ದಾನಿಯ ವಯಸ್ಸು, ಪದೇ ಪದೇ ಬಂದ ತಿರಸ್ಕಾರದ ಅವಾಂತರಗಳು ಇದಕ್ಕೆ ಸೇರಿಕೊಳ್ಳುತ್ತವೆ. ಇವುಗಳಲ್ಲಿ ಹೆಚ್ಚಿನವು ರೋಗಿಯ ಕೈಮೀರಿದವು. ಅವರ ಕೈಗೆ ಸಿಗುವಂಥವು ಮೂರು ನಾಲ್ಕು ಮಾತ್ರ: ಕೊಬ್ಬು, ಸಕ್ಕರೆ, ತಂಬಾಕು, ಮತ್ತು ಎಲ್ಲಕ್ಕಿಂತ ಸಾಮಾನ್ಯವಾದ ರಕ್ತದ ಏರೊತ್ತಡ. ಮೊದಲೇ ಗಾಯಗೊಂಡ ಗೋಡೆಗೆ ಹಗಲೂ ರಾತ್ರಿ ರಭಸದ ಅಲೆ ಬಡಿಯುತ್ತಿದ್ದರೆ ಆಗುವುದೇನೆಂದು ಹೇಳಬೇಕಾಗಿಲ್ಲ.

ಏರೊತ್ತಡ ಇಲ್ಲಿ ಎಷ್ಟು ಸಾಮಾನ್ಯವೆಂದರೆ ಕಸಿಯಾದ ಐದು ವರ್ಷದೊಳಗೆ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಬಂದೇ ಇರುತ್ತದೆ. ಕಸಿಗೆ ಮೊದಲು ಸೋತ ಹೃದಯದಿಂದ ಬಿ.ಪಿ. ಏಳುತ್ತಲೇ ಇರಲಿಲ್ಲ ಎಂದು ನರಳಿದವರಿಗೆ ಕಸಿಯ ನಂತರ ಅದನ್ನು ಇಳಿಸುವ ಮಾತ್ರೆ ಬೇಕಾಗುವುದು ವಿಚಿತ್ರವಾಗಿ ತೋರಬಹುದು. ಇದರ ಕಾರಣ ಹುಡುಕಿಕೊಂಡು ಹೋದರೆ ಸ್ಕಂದಗಿರಿಯಂಥ ಬೆಟ್ಟಗಳಿಗೇ ಬಂದು ನಿಲ್ಲಬೇಕಾಗುತ್ತದೆ.

೧೯೬೮ರಲ್ಲಿ ಲೋಕವಿಡೀ ನೂರಕ್ಕೂ ಹೆಚ್ಚು ಹೃದಯ ಕಸಿಗಳು ನಡೆದವು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಡಾ. ಪಿ.ಕೆ. ಸೇನ್ ಅದೇ ಫೆಬ್ರುವರಿಯಲ್ಲಿ ಪ್ರಯತ್ನಿಸಿದ್ದರು. ಆ ರೋಗಿ ಕೆಲವೇ ಗಂಟೆ ಬದುಕಿದ್ದ. ಎಲ್ಲೆಡೆ ರೋಗಿಗಳು ತಿರಸ್ಕಾರದಿಂದಲೋ ಸೋಂಕಿನಿಂದಲೋ ಸಾಯುತ್ತ ಬಂದಾಗ ಹೆಚ್ಚಿನ ಆಸ್ಪತ್ರೆಗಳು ಕೈಚೆಲ್ಲಿದವು. ಪರಿಸ್ಥಿತಿ ಬದಲಾದದ್ದು ಒಂದು ಹಿಡಿ ಮಣ್ಣಿನಿಂದ. ನಾರ್ವೆಯ ಹಾರ್ಡಂಗರ್‌ವಿಡ್ಡ ಎಂಬ ಎತ್ತರದ ಬಯಲಿನಿಂದ ತಂದ ಮಣ್ಣಿನ ಶಿಲೀಂಧ್ರದಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ವಿಜ್ಞಾನಿಗಳಿಗೆ ಸೈಕ್ಲೋಸ್ಪೊರಿನ್ ಸಿಕ್ಕಿತು. ಅದು ರಕ್ಷಣಾ ಪಡೆಯನ್ನು ಪೂರ್ತಿ ಕೊಲ್ಲದೆ ಕಸಿಯ ವಿರುದ್ಧ ಏಳುವ ದಂಡನ್ನಷ್ಟೇ ತಣ್ಣಗಾಗಿಸುತ್ತದೆಂದು ೧೯೭೦ರ ದಶಕದಲ್ಲಿ ತಿಳಿಯಿತು. ೧೯೮೩ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪರವಾನಗಿ ದೊರೆಯಿತು. ೧೯೮೪ರಲ್ಲಿ ಜಪಾನಿನ ತ್ಸುಕುಬಾ ಬೆಟ್ಟದ ಮಣ್ಣಿನಿಂದ ಟ್ಯಾಕ್ರೊಲಿಮಸ್ ಹೊರಬಂತು. ತ್ಸುಕುಬಾ ಸಮುದ್ರಮಟ್ಟದಿಂದ ೮೭೭ ಮೀಟರ್ ಎತ್ತರ, ನಮ್ಮ ಸ್ಕಂದಗಿರಿಗಿಂತ ಚಿಕ್ಕದೇ. ೧೯೯೪ರ ಆಗಸ್ಟ್ ೩ರಂದು ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಪಿ. ವೇಣುಗೋಪಾಲ್ ಅವರ ತಂಡ ಭಾರತದ ಮೊದಲ ಯಶಸ್ವಿ ಹೃದಯ ಕಸಿ ಮಾಡುವ ಹೊತ್ತಿಗೆ ಇಂಥ ಔಷಧಗಳ ಬಲವಿತ್ತು. ಅಂಗಾಂಗ ಕಸಿಗೆ ಸಂಸತ್ತು ಕಾಯ್ದೆ ಮಾಡಿದ್ದೂ ಅದೇ ವರ್ಷ.

ಆದರೆ ಜೀವ ಉಳಿಸಿದ ಮಣ್ಣು ಬಿ.ಪಿ.ಯನ್ನೂ ತಂದಿತು. ಸೈಕ್ಲೋಸ್ಪೊರಿನ್ ಮತ್ತು ಟ್ಯಾಕ್ರೊಲಿಮಸ್ ಎರಡೂ ದೇಹದ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತವೆ. ಮುಖ್ಯವಾಗಿ ಮೂತ್ರಪಿಂಡದೊಳಕ್ಕೆ ಹೋಗುವ ನಾಳವನ್ನು ಕಿರಿದಾಗಿಸುತ್ತವೆ, ಉಪ್ಪನ್ನು ಹೊರಹೋಗದಂತೆ ತಡೆಯುತ್ತವೆ. ಇಬ್ಬರಲ್ಲಿ ಸೈಕ್ಲೋಸ್ಪೊರಿನ್ನಿನ ಕಾಟ ಸ್ವಲ್ಪ ಹೆಚ್ಚು. ಜೊತೆಗೆ ಕೊಡುವ ಸ್ಟೀರಾಯ್ಡ್ ಮಾತ್ರೆಯೂ ಉಪ್ಪು ನೀರನ್ನು ಹಿಡಿದಿಡುತ್ತದೆ.

ಇನ್ನೊಂದು ಕಾರಣಕ್ಕೆ ಮತ್ತೆ ಆ ಕಡಿದ ತಂತಿಗೇ ಬರಬೇಕು. ಸ್ಕಂದಗಿರಿಯ ಆಸುಪಾಸಿನಲ್ಲೇ ಇರುವ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಊರು. ನೀರಿನ ಮಟ್ಟ ಮಿತಿ ಮೀರಿದೊಡನೆ ತಾವಾಗಿ ತೆರೆದು, ಇಳಿದೊಡನೆ ತಾವಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ೧೯೦೩ರಲ್ಲಿ ಕೂಡಿಸಿದವರು ಅವರು. ನಮ್ಮ ಎದೆಯಲ್ಲೂ ಅಂಥದೊಂದು ಏರ್ಪಾಡಿದೆ. ರಕ್ತದ ಪ್ರಮಾಣ ಹೆಚ್ಚಿ ಹೃದಯದ ಮೇಲಿನ ಕೋಣೆಗಳು ಹಿಗ್ಗಿದರೆ ಅಲ್ಲಿನ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಮೂತ್ರಪಿಂಡ ಬಾಗಿಲು ತೆರೆದು ಉಪ್ಪು ನೀರನ್ನು ಹೊರಬಿಡುತ್ತದೆ. ನರ ಕಡಿದ ಹೃದಯದಲ್ಲಿ ಈ ಸುದ್ದಿ ಹೋಗುವುದಿಲ್ಲ. ಅಣೆಕಟ್ಟೆ ತುಂಬಿದರೂ ಬಾಗಿಲು ಬೇಗ ಏಳುವುದಿಲ್ಲ. ಆದ್ದರಿಂದಲೇ ಕಸಿಯಾದವರ ಬಿ.ಪಿ. ಉಪ್ಪಿನ ವಿಷಯದಲ್ಲಿ ಬಹಳ ನಾಜೂಕು.

ಈ ಏರೊತ್ತಡಕ್ಕೆ ಇನ್ನೊಂದು ಕೆಟ್ಟ ಸ್ವಭಾವವಿದೆ. ಆರೋಗ್ಯವಂತರಲ್ಲಿ ನಿದ್ದೆ ಬಂದಾಗ ಒತ್ತಡ ಹತ್ತರಿಂದ ಇಪ್ಪತ್ತು ಶೇಕಡಾದಷ್ಟು ಇಳಿಯುತ್ತದೆ. ರಕ್ತನಾಳಗಳಿಗೆ ಅದೇ ವಿಶ್ರಾಂತಿ. ಬದಲಿ ಹೃದಯದವರಲ್ಲಿ ಅನೇಕರಿಗೆ ರಾತ್ರಿಯ ಈ ಇಳಿತ ಇರುವುದಿಲ್ಲ. ಹಗಲು ಆಸ್ಪತ್ರೆಯಲ್ಲಿ ಒಮ್ಮೆ ನೋಡಿಸಿ ‘ಪರವಾಗಿಲ್ಲ’ ಎನಿಸಿಕೊಂಡು ಬಂದವರ ನಾಳಗಳು ರಾತ್ರಿಯಿಡೀ ದುಡಿಯುತ್ತಿರಬಹುದು. ಇದನ್ನು ಹಿಡಿಯಲು ಇಪ್ಪತ್ತನಾಲ್ಕು ಗಂಟೆಯೂ ತೋಳಿಗೆ ಕಟ್ಟಿಕೊಂಡಿರುವ ಯಂತ್ರವನ್ನು ಕೆಲವೊಮ್ಮೆ ಕೊಟ್ಟು ಕಳಿಸುತ್ತಾರೆ. ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಬೆಳಿಗ್ಗೆ ಮತ್ತು ಸಂಜೆ ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೂ ತೋಳಿಗೂ ಆಸರೆ ಕೊಟ್ಟು, ಬಿ.ಪಿ. ನೋಡಿ ಬರೆದಿಡುವುದು. ಸಾಮಾನ್ಯವಾಗಿ ೧೩೦ರ ಮೇಲೆ ೮೦ಕ್ಕಿಂತ ಕೆಳಗಿರಲಿ ಎನ್ನುತ್ತಾರೆ. ನಿಮ್ಮ ಗುರಿ ಎಷ್ಟೆಂಬುದನ್ನು ನಿಮ್ಮ ಕಸಿ ವೈದ್ಯರೇ ಹೇಳಬೇಕು. ನೋವು ಹೇಳಲಾಗದ ಹೃದಯಕ್ಕೆ ಈ ನೋಟ್‌ಬುಕ್ಕೇ ಬಾಯಿ.

ಔಷಧದ ಆಯ್ಕೆಯಲ್ಲೂ ಸೂಕ್ಷ್ಮಗಳಿವೆ. ಬಿಗಿದ ನಾಳ ಸಡಿಲಿಸುವ ಆಮ್ಲೋಡಿಪಿನ್ ಜಾತಿಯ ಮಾತ್ರೆ ಇಲ್ಲಿ ಮೊದಲಿಗೆ ನೆನಪಾಗುವಂಥದು. ಸೈಕ್ಲೋಸ್ಪೊರಿನ್ ಜೊತೆ ಈ ಗುಂಪಿನ ಕೆಲವು ಮಾತ್ರೆಗಳು ಸೇರಿದರೆ ವಸಡು ಊದಿ ಹಲ್ಲಿನ ಮೇಲೆ ಬೆಳೆಯುವುದುಂಟು. ಹಲ್ಲಿನ ಡಾಕ್ಟರಿಗೆ ಕಸಿಯ ವಿಷಯ ಹೇಳದೆ ವಸಡಿಗೆ ಚಿಕಿತ್ಸೆ ಪಡೆದು ಪ್ರಯೋಜನವಿಲ್ಲ. ಡಿಲ್ಟಿಯಾಜೆಮ್ ಎಂಬ ಇನ್ನೊಂದು ಮಾತ್ರೆ ಬಿ.ಪಿ. ಇಳಿಸುವುದರ ಜೊತೆಗೆ ಸೈಕ್ಲೋಸ್ಪೊರಿನ್ನನ್ನು ರಕ್ತದಲ್ಲಿ ಹೆಚ್ಚಿಸುತ್ತದೆ. ಆದ್ದರಿಂದ ದುಬಾರಿ ಔಷಧದ ಪ್ರಮಾಣ ತಗ್ಗಿಸಬಹುದು, ಆದರೆ ಲೆಕ್ಕ ತಪ್ಪಿದರೆ ಮೂತ್ರಪಿಂಡಕ್ಕೆ ಪೆಟ್ಟು. ಬಿ.ಪಿ. ಮಾತ್ರೆಯೊಂದನ್ನು ಊರಿನ ಅಂಗಡಿಯಲ್ಲಿ ‘ಇದರ ಬದಲು ಅದು’ ಎಂದು ತೆಗೆದುಕೊಳ್ಳುವ ವಾಡಿಕೆ ಕಸಿಯಾದವರಿಗೆ ಸಲ್ಲದು ಎನ್ನುವುದು ಇದಕ್ಕೇ.

ನಾಳಗಳ ಪಾಲಿಗೆ ದೊಡ್ಡ ಸಮಾಧಾನ ಬಂದದ್ದು ೧೯೯೫ರಲ್ಲಿ. ಲಾಸ್ ಏಂಜಲಿಸ್‌ನ ವೈದ್ಯರು ೯೭ ಕಸಿ ರೋಗಿಗಳಲ್ಲಿ ಕೆಲವರಿಗೆ ಪ್ರಾವಸ್ಟಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆಯನ್ನು ಕಸಿಯಾದ ಕೂಡಲೇ ಶುರುಮಾಡಿ ಒಂದು ವರ್ಷ ನೋಡಿದರು. ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ ೯೪ ಮಂದಿ ಬದುಕಿದ್ದರೆ ಉಳಿದವರಲ್ಲಿ ೭೮. ನಾಳಗಳ ದಪ್ಪಗಟ್ಟುವಿಕೆಯೂ ಕಡಿಮೆ. ಆ ಮಾತ್ರೆ ಕೊಬ್ಬು ಇಳಿಸುವುದಕ್ಕಿಂತ ಹೆಚ್ಚಿನದೇನನ್ನೋ ಮಾಡುತ್ತಿತ್ತು. ಇಂದು ಕೊಲೆಸ್ಟರಾಲ್ ಎಷ್ಟೇ ಇರಲಿ, ಬೇರೆ ಅಡ್ಡಿಯಿಲ್ಲದಿದ್ದರೆ ಈ ಜಾತಿಯ ಮಾತ್ರೆ ಕಸಿಯಾದವರ ಡಬ್ಬಿಯಲ್ಲಿ ಇರುತ್ತದೆ. ‘ನನಗೆ ಕೊಲೆಸ್ಟರಾಲ್ ಇಲ್ಲವಲ್ಲ’ ಎಂದು ಅದನ್ನು ಬಿಡುವವರು ಈ ಅಂಕಿ ನೆನಪಿಡಬೇಕು. ಇದರ ಪ್ರಮಾಣವೂ ಮಿತಿಯಲ್ಲಿರಬೇಕು. ಸೈಕ್ಲೋಸ್ಪೊರಿನ್ ಜೊತೆಯಲ್ಲಿ ಅತಿಯಾದರೆ ಸ್ನಾಯುಗಳು ಕರಗಲಾರಂಭಿಸುತ್ತವೆ.

ಮೂರನೆಯ ಮಣ್ಣಿನ ಕಥೆಯೂ ಇಲ್ಲಿ ಬರಬೇಕು. ೧೯೬೪ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ ಮಣ್ಣು ತಂದಿತ್ತು. ಅದರಿಂದ ಸಿಕ್ಕ ವಸ್ತುವಿಗೆ ದ್ವೀಪದ ‘ರಾಪಾ ನೂಯಿ’ ಎಂಬ ಹೆಸರನ್ನೇ ಕೊಟ್ಟು ರಾಪಾಮೈಸಿನ್ ಎಂದರು. ಅದರ ಬೆನ್ನು ಬಿದ್ದವರು ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದ ಸುರೇಂದ್ರನಾಥ ಸೆಹಗಲ್. ೧೯೮೦ರ ದಶಕದ ಆರಂಭದಲ್ಲಿ ಕಂಪನಿ ಮಾಂಟ್ರಿಯಲ್‌ನ ಪ್ರಯೋಗಾಲಯ ಮುಚ್ಚಿದಾಗ ಅವರು ಅದನ್ನು ಎಸೆಯಲೊಪ್ಪದೆ ಮನೆಯ ಫ್ರೀಜರ್‌ನಲ್ಲಿ ವರ್ಷಗಟ್ಟಲೆ ಕಾಪಾಡಿದರು. ಅದೇ ಕುಲದ ಎವರೊಲಿಮಸ್ ಬದಲಿ ಹೃದಯದ ನಾಳಗಳು ದಪ್ಪಗಟ್ಟುವುದನ್ನು ನಿಧಾನಿಸುತ್ತದೆಂದು ೨೦೦೩ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿತು. ಎಲ್ಲರಿಗೂ ಹೊಂದುವ ಔಷಧವಲ್ಲ, ಗಾಯ ಮಾಯುವುದನ್ನೂ ಅದು ನಿಧಾನಿಸುತ್ತದೆ. ಆದರೆ ಕಿರಿದಾಗುತ್ತಿರುವ ನಾಳಗಳ ಮುಂದೆ ವೈದ್ಯರು ಕೈಕಟ್ಟಿ ಕೂರಬೇಕಾದ ಕಾಲ ಹೋಯಿತು.

ಇನ್ನು ಅಡುಗೆಮನೆಯ ಮಾತು. ನಮ್ಮ ಈ ಸೀಮೆಯ ರಾಗಿಮುದ್ದೆಯಲ್ಲಿ ಉಪ್ಪಿನ ತೊಂದರೆಯಿಲ್ಲ. ಉಪ್ಪು ಇರುವುದು ಅದನ್ನು ಮುಳುಗಿಸುವ ಬಸ್ಸಾರಿನಲ್ಲಿ, ಪಕ್ಕದ ಉಪ್ಪಿನಕಾಯಿಯಲ್ಲಿ, ಹಪ್ಪಳ ಸಂಡಿಗೆಯಲ್ಲಿ, ಬಾಳಕದ ಮೆಣಸಿನಕಾಯಿಯಲ್ಲಿ, ಬೇಕರಿಯ ಖಾರದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಐದು ಗ್ರಾಂ, ಎಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಇಷ್ಟು ಕೇಳಿ ಹೆದರಿದ ಮನೆಯವರು ಕೆಲವೊಮ್ಮೆ ಅಂಗಡಿಯಿಂದ ‘ಸೋಡಿಯಂ ಕಡಿಮೆಯ ಉಪ್ಪು’ ತರುತ್ತಾರೆ. ಉದ್ದೇಶ ಒಳ್ಳೆಯದು, ಫಲ ಅಪಾಯ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ಮತ್ತು ಕೆಲವು ಬಿ.ಪಿ. ಮಾತ್ರೆಗಳು ರಕ್ತದ ಪೊಟ್ಯಾಸಿಯಂ ಅನ್ನು ಮೊದಲೇ ಹೆಚ್ಚಿಸಿರುತ್ತವೆ. ಅದು ಮಿತಿಮೀರಿದರೆ ಹೃದಯದ ಲಯವೇ ತಪ್ಪುತ್ತದೆ. ಎಳನೀರನ್ನೂ ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಹಣ್ಣಿನ ವಿಷಯ ಇನ್ನೂ ಸ್ವಾರಸ್ಯದ್ದು. ಚಿಕ್ಕಬಳ್ಳಾಪುರದ ದ್ರಾಕ್ಷಿಯನ್ನು ಚೆನ್ನಾಗಿ ತೊಳೆದು ತಿನ್ನಲು ಅಡ್ಡಿಯಿಲ್ಲ. ಬೆಂಗಳೂರಿನ ದಾರಿಯಲ್ಲಿ ಸಿಗುವ ದೇವನಹಳ್ಳಿಯ ಹೆಸರಾಂತ ಚಕ್ಕೋತ ಹಣ್ಣು ಮಾತ್ರ ಬೇಡವೇ ಬೇಡ. ಚಕ್ಕೋತ ಮತ್ತು ಅದರ ನೆಂಟನಾದ ಗ್ರೇಪ್‌ಫ್ರೂಟ್‌ನಲ್ಲಿರುವ ಒಂದು ವಸ್ತು, ಕರುಳಿನಲ್ಲಿ ಈ ಔಷಧಗಳನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಅದೇ ಮಾತ್ರೆ ರಕ್ತದಲ್ಲಿ ಎರಡು ಮಾತ್ರೆಯ ಕೆಲಸ ಮಾಡಿದರೂ ಆಶ್ಚರ್ಯವಿಲ್ಲ. ಬಿ.ಪಿ. ಏರುತ್ತದೆ, ಮೂತ್ರಪಿಂಡ ನಲುಗುತ್ತದೆ. ಒಮ್ಮೆ ತಿಂದದ್ದರ ಪ್ರಭಾವ ಒಂದೆರಡು ದಿನ ಉಳಿಯುವುದರಿಂದ ‘ಮಾತ್ರೆ ಬೆಳಿಗ್ಗೆ, ಹಣ್ಣು ಸಂಜೆ’ ಎಂಬ ಜಾಣತನ ನಡೆಯದು. ಹಳ್ಳಿಯ ಹೆಂಗಸರು ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರಿಸಿಬಿಡಬಹುದು: ಸಾರಿಗೆ ಹಾಕುವ ಚಕ್ಕೋತ ಸೊಪ್ಪು ಬೇರೆಯೇ ಗಿಡ. ಈ ಮಾತು ಹಣ್ಣಿಗೆ ಮಾತ್ರ.

ಮಂಡಿನೋವಿಗೆ, ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಮಾತ್ರೆಗಳೂ, ಅದೇ ಔಷಧದ ಇಂಜೆಕ್ಷನ್ನೂ ಬಿ.ಪಿ. ಏರಿಸಿ ಮೂತ್ರಪಿಂಡಕ್ಕೆ ಏಟು ಹಾಕುತ್ತವೆ. ಕೆಮ್ಮಿಗೆಂದು ಬರೆದುಕೊಡುವ ಎರಿತ್ರೊಮೈಸಿನ್ ಜಾತಿಯ ಕೆಲವು ಮಾತ್ರೆಗಳು ಚಕ್ಕೋತದಂತೆಯೇ ವರ್ತಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ತದ್ವಿರುದ್ಧ. ಅದು ಕಸಿಯ ಔಷಧವನ್ನು ರಕ್ತದಿಂದ ಬಾಚಿ ಹೊರಹಾಕುತ್ತದೆ, ಹೃದಯ ತಿರಸ್ಕಾರಕ್ಕೆ ಗುರಿಯಾಗುತ್ತದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು ವರ್ಷಕ್ಕೊಬ್ಬ ಕಸಿ ರೋಗಿಯನ್ನೂ ಕಾಣದಿರಬಹುದು. ಅವರಿಗೆ ಇದೆಲ್ಲ ಕಂಠಪಾಠವಾಗಿರಬೇಕೆಂದು ಬಯಸುವುದು ನ್ಯಾಯವಲ್ಲ. ಕಸಿ ಮಾಡಿದ ಆಸ್ಪತ್ರೆಯೇ ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ಬೇಡದ ಔಷಧಗಳ ಪಟ್ಟಿ ಮತ್ತು ಕರೆಮಾಡಬೇಕಾದ ನಂಬರು ಬರೆದು ರೋಗಿಯ ಜೇಬಿಗೆ ಹಾಕಿ ಕಳಿಸಬೇಕು. ಇಷ್ಟು ದೊಡ್ಡ ಶಸ್ತ್ರಕ್ರಿಯೆ ಮಾಡಿದವರಿಗೆ ಅದೇನೂ ಕಷ್ಟದ ಕೆಲಸವಲ್ಲ.

ಆ ಹಾಳೆಯಲ್ಲಿ ಇನ್ನೊಂದು ಸಾಲು ಇರಬೇಕು. ರಕ್ತದಲ್ಲಿ ಔಷಧ ಎಷ್ಟಿದೆಯೆಂದು ನೋಡುವ ಪರೀಕ್ಷೆಗೆ ಬರುವ ದಿನ ಬೆಳಗಿನ ಮಾತ್ರೆ ನುಂಗದೆ ಬರಬೇಕು, ರಕ್ತ ಕೊಟ್ಟ ಕೂಡಲೇ ನುಂಗಬೇಕು. ನಸುಕಿನ 
ಬಸ್ಸಿಗೆ ಹೊರಡುವ ಅವಸರದಲ್ಲಿ ಮನೆಯಲ್ಲೇ ಮಾತ್ರೆ ತೆಗೆದುಕೊಂಡು ಬಂದರೆ ಆ ದಿನದ ಪರೀಕ್ಷೆಯ ಅಂಕಿ ಸುಳ್ಳು ಹೇಳುತ್ತದೆ. ಅದನ್ನು ನಂಬಿ ಔಷಧ ಕಡಿಮೆ ಮಾಡಿದರೆ ಹೃದಯಕ್ಕೇ ಕುತ್ತು.

ಇಷ್ಟೆಲ್ಲ ನಿರ್ಬಂಧ ಕೇಳಿದ ಮೇಲೆ ಬದಲಿ ಹೃದಯದವರು ಗಾಜಿನ ಬೊಂಬೆಯಂತೆ ಮನೆಯಲ್ಲಿ ಕೂರಬೇಕೇನೋ ಎನ್ನಿಸಿದರೆ ಅದು ತಪ್ಪು. ಕಸಿಯಾದ ಮೇಲೆ ಕ್ರಮವಾಗಿ ವ್ಯಾಯಾಮ ಮಾಡಿಸಿದವರ ಕಸುವು ಸುಮ್ಮನೆ ಬಿಟ್ಟವರಿಗಿಂತ ಹೆಚ್ಚೆಂದು ೧೯೯೯ರಲ್ಲೇ ರುಜುವಾತಾಗಿದೆ. ನಡಿಗೆ ಬಿ.ಪಿ.ಗೂ ನಾಳಗಳಿಗೂ ಹಿತ. ೧೯೯೫ರಲ್ಲಿ ಹೊಸ ಹೃದಯ ಪಡೆದ ಅಮೆರಿಕದ ಕೆಲ್ಲಿ ಪರ್ಕಿನ್ಸ್ ಎಂಬಾಕೆ ಮುಂದೆ ಜಪಾನಿನ ಫ್ಯೂಜಿ, ಆಫ್ರಿಕದ ಕಿಲಿಮಂಜಾರೋ, ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರಗಳನ್ನು ಹತ್ತಿದರು. ನೆದರ್ಲೆಂಡಿನ ಬರ್ಟ್ ಯಾನ್ಸೆನ್ ೧೯೮೪ರಲ್ಲಿ ಕಸಿ ಮಾಡಿಸಿಕೊಂಡು ೩೯ ವರ್ಷ ಕಳೆದ ಮೇಲೆ, ೨೦೨೩ರಲ್ಲಿ, ಗಿನ್ನೆಸ್ ದಾಖಲೆಯಲ್ಲಿ ಹೆಸರು ಬರೆಸಿದರು.

ಹಾಗಾದರೆ ಬದಲಿ ಹೃದಯ ಹೊತ್ತವರು ಸ್ಕಂದಗಿರಿ ಹತ್ತಬಹುದೇ? ವರ್ಷದ ಪರೀಕ್ಷೆಯಲ್ಲಿ ನಾಳಗಳು ಚೆನ್ನಾಗಿವೆ, ಬಿ.ಪಿ. ಹತೋಟಿಯಲ್ಲಿದೆ ಎಂದು ವೈದ್ಯರು ಒಪ್ಪಿದರೆ ಹತ್ತಬಹುದು, ಗುಂಪಿನ ಹುಡುಗರ ಜೊತೆ ಪಂದ್ಯ ಕಟ್ಟದೆ. ಮಠದ ಮುಂದಿನ ಸಮದಾರಿಯಲ್ಲಿ ಹತ್ತು ನಿಮಿಷ ಓಡಾಡಿ ಹೃದಯಕ್ಕೆ ಸುದ್ದಿ ಮುಟ್ಟಲು ಸಮಯ ಕೊಡಬೇಕು. ಮಾತಾಡಲು ಉಸಿರು ಉಳಿಯುವಷ್ಟೇ ವೇಗದಲ್ಲಿ ಏರಬೇಕು. ಮೇಲೆ ಕೋಟೆಗೋಡೆಯ ಬಳಿ ಜೊತೆಯವರು ಬೆವರೊರೆಸಿಕೊಂಡು, ಬುತ್ತಿ ಬಿಚ್ಚಿ, ಮೋಡದ ಫೋಟೊ ತೆಗೆಯುತ್ತಿರುವಾಗಲೂ ಇವರ ಎದೆ ಮಾತ್ರ ಇನ್ನೂ ಬೆಟ್ಟ ಹತ್ತುತ್ತಲೇ ಇರುವಂತೆ ಬಡಿಯುತ್ತಿರುತ್ತದೆ. ಗಾಬರಿಯಾಗಬೇಕಿಲ್ಲ. ಹತ್ತಿದ್ದು ತಿಳಿಯಲು ತಡವಾದಂತೆ ನಿಂತದ್ದು ತಿಳಿಯಲೂ ಅದಕ್ಕೆ ಇನ್ನೊಂದಿಷ್ಟು ಹೊತ್ತು ಬೇಕು.